ವಾಗಿರಾನ್ ಹುಡುಕಿದ ಪಾದಗಳು

ಜಾವಾದ ಸೋಲೋ ಪಟ್ಟಣದ ನೂಲಿನ ಗಿರಣಿಯಲ್ಲಿ ಹತ್ತೊಂಬತ್ತು ವರ್ಷ ದುಡಿದು, ಊರಿಗೆ ಹೊರಡುವ ಹಿಂದಿನ ವಾರ ನಾನು ಹಳೆಯ ಗುಡಿಗಳನ್ನು ನೋಡಲು ಹೊರಟೆ. ಇಷ್ಟು ದಿನ ಏನು ಮಾಡುತ್ತಿದ್ದೆ ಎಂದು ಕೇಳಬೇಡಿ. ಭಾನುವಾರ ಬಂದರೆ ಬಟ್ಟೆ ಒಗೆದು ಮಲಗುತ್ತಿದ್ದೆ. ಅದಕ್ಕೆ ಮೊದಲು ನೋಡಿದ್ದು ಒಂದೇ ಗುಡಿ, ಮೆರಾಪಿ ಬೆಟ್ಟದ ಇಳಿಜಾರಿನದು. ಅದೂ ಅಲ್ಲಿನ ಕಾವಲುಗಾರ ವಾಗಿರಾನ್‌ನ ಸ್ನೇಹಕ್ಕೆ. ದೊಡ್ಡ ಗುಡಿಗಳನ್ನೆಲ್ಲ ಮೂರು ದಿನದಲ್ಲಿ ಸುತ್ತಿ ಮುಗಿಸಿ, ಕೊನೆಗೆ ಅವನಲ್ಲಿಗೇ ಬಂದೆ.

ವಾಗಿರಾನ್ ಐದು ಹೊತ್ತು ನಮಾಜು ಮಾಡುವವನು. ಉಳಿದ ಹೊತ್ತೆಲ್ಲ ದುರ್ಗೆಯದು. ಗುಡಿ ಎಂದೋ ಕುಸಿದಿತ್ತು. ಸಿಕ್ಕ ಕಲ್ಲುಗಳನ್ನು ಅವನು ಅಂಗಳದಲ್ಲಿ ಜೋಡಿಸುತ್ತ ಬಂದಿದ್ದ. ಗೋಡೆಯ ದುರ್ಗೆಯನ್ನು ಎಂಟು ಕಲ್ಲುಗಳಲ್ಲಿ ಕೆತ್ತಿದ್ದರು. ಏಳು ಸಿಕ್ಕಿ ಅವಳು ಹುಲ್ಲಿನ ಮೇಲೆ ಅಂಗಾತ ಮಲಗಿದ್ದಳು. ಪಾದಗಳ ಕಲ್ಲು ಮಾತ್ರ ಅವನು ಕಾವಲಿಗೆ ಸೇರಿ ಇಪ್ಪತ್ತೆರಡು ವರ್ಷ ಹುಡುಕಿದರೂ ಸಿಕ್ಕಿರಲಿಲ್ಲ. ಅದಕ್ಕಾಗಿ ಈ ಮಹಾರಾಯ ಊರವರ ಒಗೆಯುವ ಕಲ್ಲು, ಹೊಸ್ತಿಲು, ಕೋಳಿಗೂಡಿನ ಮೆಟ್ಟಿಲು ಒಂದನ್ನೂ ಬಿಡದೆ ಮಗುಚಿ ನೋಡಿದ್ದ. ಗುಡಿಯದೆಂದು ಕಂಡರೆ ಹೊತ್ತೇ ತರುತ್ತಿದ್ದ. ಅವನು ಬೀದಿಗೆ ಬಂದರೆ ಹೆಂಗಸರು ಬಾವಿಕಟ್ಟೆಯ ಮೇಲೆ ಗೋಣಿಚೀಲ ಹೊದಿಸುತ್ತಿದ್ದರು.

"ಮುಂದಿನ ತಿಂಗಳು ನನ್ನ ಕೆಲಸ ಮುಗೀತದೆ, ರಾಯರೇ," ಎಂದ. "ಆಮೇಲೆ ಪುರಾತತ್ವ ಆಫೀಸಿನವರು ಆ ಜಾಗಕ್ಕೆ ಬೋಳುಕಲ್ಲು ಕೂರಿಸಿ ಕೈ ತೊಳ್ಕೋತಾರೆ. ಅವಳ ಕಾಲು ಯಾರಿಗೆ ಬೇಕು?"

ಅಂದು ಉಪವಾಸದ ತಿಂಗಳಿಗೆ ಮುಂಚೆ ಸಮಾಧಿಗಳನ್ನು ತೊಳೆಯುವ ದಿನ. ಇಡೀ ಊರು ಪೊರಕೆ, ಬಕೆಟ್ಟು, ಅಕ್ಕಿಹಿಟ್ಟಿನ ಅಪ್ಪ ಹಿಡಿದು ಸ್ಮಶಾನಕ್ಕೆ ನಡೆದಿತ್ತು. ನಾವೂ ಹೋದೆವು. ವಾಗಿರಾನ್‌ನ ತಾಯಿ ಪೈರಾ ಅಜ್ಜಿ ಮರದಡಿ ಕೂತು ಯಜಮಾನಿಕೆ ನಡೆಸುತ್ತಿದ್ದಳು. ಅವಳ ಗಂಡನ ತಲೆಗಲ್ಲು ಬೇರಿಗೆ ಸಿಕ್ಕಿ ವಾಲಿತ್ತು.

"ಬದುಕಿದ್ದಾಗ್ಲೂ ನೆಟ್ಟಗೆ ನಿಂತೋನಲ್ಲ," ಎಂದಳು. "ಈಗ್ಲಾದ್ರೂ ನಿಲ್ಸೋ."

ನಾವಿಬ್ಬರೂ ಅಗೆದು ಕಲ್ಲನ್ನು ಎಳೆದೆವು. ಹೂತಿದ್ದ ಭಾಗಕ್ಕೆ ವಾಗಿರಾನ್ ನೀರು ಸುರಿದ. ಮಣ್ಣು ಇಳಿದಂತೆ ಕೋಣದ ಬೆನ್ನು ಕಂಡಿತು. ಅದರ ಮೇಲೆ ಊರಿದ ಎರಡು ಪಾದ, ಗೆಜ್ಜೆಯ ಸಮೇತ.

ಅವನು ಕಲ್ಲಿನ ಪಕ್ಕ ಕೂತು ಬೆರಳಿಂದ ಗೆಜ್ಜೆಯ ಮಣ್ಣು ಬಿಡಿಸಿದ.

"ಹೊಳೆಯಿಂದ ನಾನೇ ಹೊತ್ತು ತಂದಿದ್ದು," ಎಂದ. "ಮೂವತ್ತು ವರ್ಷ ಆಯ್ತು. ಆಗ ನಾನಿನ್ನೂ ಕಾವಲಿಗೆ ಸೇರಿರ್ಲಿಲ್ಲ, ನನಗಿದು ಬರೀ ಕಲ್ಲು. ಚೆನ್ನಾಗಿರೋ ಕಡೆ ನೋಡಿ ಅಪ್ಪನ ಹೆಸರು ಬರೆದೆ. ಮಣ್ಣು ಮೆತ್ತಿದ್ದ ಈ ಕಡೆ ತಿರುಗಿಸಿಯೂ ನೋಡ್ಲಿಲ್ಲ." ಸುತ್ತ ಕಣ್ಣಾಡಿಸಿದ. ಯಾರೂ ಗಮನಿಸಿರಲಿಲ್ಲ. "ರಾಯರೇ, ಮಣ್ಣು ಮುಚ್ಚೋಣ. ನೀವಂತೂ ಊರಿಗೆ ಹೋಗೋರು."

ನನ್ನಪ್ಪನ ಕಲ್ಲಾಗಿದ್ದರೆ ನಾನೂ ಮುಚ್ಚುತ್ತಿದ್ದೆ.

ಅಜ್ಜಿ ಕೋಲೂರಿ ಎದ್ದು ಬಂದಳು. ಪಾದಗಳನ್ನು ನೋಡಿದಳು, ಮಗನ ಮುಖ ನೋಡಿದಳು.

"ಅಗೋ, ಅಲ್ಲಿ ಕೂತಿರೋ ಲಾಸಿಯೆಮ್ ಮನೆ ಹೊಸ್ತಿಲು ನೀನು ಕೀಳೋವಾಗ ಅವಳು ಅತ್ಲು. 'ಕಲ್ಲು ಗುಡೀದು, ನಿಂದಲ್ಲ' ಅಂದ್ಯಲ್ಲ, ಆ ನಾಲಿಗೆ ಎಲ್ಲೋಯ್ತು?"

"ಅವ್ವಾ, ಇದು ಅಪ್ಪನ್ದು."

"ಅಪ್ಪ ಮಣ್ಣೊಳಗಿದಾನೆ, ಕಲ್ಲೊಳಗಲ್ಲ. ಒಂದು ಗಿಡ ನೆಡು. ಏಳು."

ವಾಗಿರಾನ್ ಬಿಕ್ಕಿ ಬಿಕ್ಕಿ ಅತ್ತ. ಅರವತ್ತರ ಗಂಡಸು ಹಾಗೆ ಅಳುವುದನ್ನು ನಾನು ನೋಡಿರಲಿಲ್ಲ. ಆಮೇಲೆ ಕಲ್ಲಿಗೆ ಹಗ್ಗ ಬಿಗಿದು, ಬಿದಿರಿನ ಗಳುವಿಗೆ ಹೆಗಲು ಕೊಟ್ಟು, ಇಡೀ ಊರಿನ ಕಣ್ಣೆದುರೇ ಹೊತ್ತು ನಡೆದೆವು. ಯಾರೂ ಹಾಸ್ಯ ಮಾಡಲಿಲ್ಲ. ಲಾಸಿಯೆಮ್ ಎದ್ದು ದಾರಿ ಬಿಟ್ಟಳು.

ಗುಡಿಯ ಅಂಗಳದಲ್ಲಿ ದುರ್ಗೆಯ ಸೀರೆಯ ನೆರಿಗೆಗೆ ಕಲ್ಲನ್ನು ಸರಿಸಿದಾಗ ಕೂದಲೆಳೆಯಷ್ಟೂ ಸಂದು ಉಳಿಯಲಿಲ್ಲ. ಹೆಸರಿದ್ದ ಮಗ್ಗುಲು ಮಣ್ಣಿನ ಕಡೆಗಿತ್ತು. ವಾಗಿರಾನ್ ಅದನ್ನು ಅಳಿಸಿರಲಿಲ್ಲ. ನಾನು ಬಗ್ಗಿ ಪಾದ ಮುಟ್ಟಿ ನಮಸ್ಕರಿಸಿದೆ.

ಅಷ್ಟರಲ್ಲಿ ಹಿಂದೆಯೇ ನಡೆದು ಬಂದ ಅಜ್ಜಿ, ಸಮಾಧಿಗೆಂದು ತಂದ ಗುಲಾಬಿ ಎಸಳುಗಳನ್ನೆಲ್ಲ ಬುಟ್ಟಿಯಿಂದ ಆ ಪಾದಗಳ ಮೇಲೆ ಸುರಿದಳು. ನಾನು ಬೆರಗಾಗಿ ನೋಡಿದೆ.

"ಏನ್ ನೋಡ್ತೀಯಪ್ಪಾ?" ಎಂದಳು. "ನನ್ ಗಂಡನ ಹೆಸರಿಗೆ ಹಾಕ್ದೆ. ಮೇಲೆ ಇವಳ ಕಾಲಿದ್ರೆ ನಾನೇನ್ ಮಾಡ್ಲಿ?"