ಹಳದಿ ಹತ್ತಿದ ಕೈ

ನಿಜಾಮ ಸರಕಾರದ ಕೊನೆಗಾಲ. ಸುರಪುರದ ಹತ್ತಿರದ ಒಂದು ಹಳ್ಳಿಗೆ ನನ್ನ ಗಂಡನನ್ನು ಮಿಷನ್‌ನವರು ಉಪದೇಶಿಯಾಗಿ ಕಳಿಸಿದ್ದರು. ಊರಲ್ಲಿ ಐದಾರು ಕ್ರೈಸ್ತರ ಮನೆಗಳಿದ್ದವು. ಓದು ಬರುವ ಹೆಂಗಸು ನಾನೊಬ್ಬಳೇ. ಯಾದಗಿರಿಯ ಬೋರ್ಡಿಂಗಿನಲ್ಲಿ ಬೆಳೆದ ಜಂಬವೂ ಕಡಿಮೆ ಇರಲಿಲ್ಲ. ಹಿಂದಿನ ತಿಂಗಳಷ್ಟೇ ಒಬ್ಬಾಕೆ ತನ್ನ ಕೂಸಿನ ಕೈಗೆ ಗುಡಿಯ ದಾರ ಕಟ್ಟಿದ್ದಳು. ಪಾದ್ರಿ ಅವಳನ್ನು ಚರ್ಚಿನ ಪ್ರಭುಭೋಜನದ ಪಂಕ್ತಿಯಿಂದ ಹೊರಗಿಟ್ಟಾಗ 'ಸರಿಯಾಯಿತು' ಎಂದವಳು ನಾನೇ.

ಪಕ್ಕದ ಓಣಿಯ ಮುದುಕಿಯನ್ನು ಆಯಿ ಎನ್ನುತ್ತಿದ್ದೆ. ಕ್ರೈಸ್ತಳಲ್ಲ. ನನ್ನ ಚೊಚ್ಚಲ ಹೆರಿಗೆ ಮಾಡಿಸಿದವಳು. ತಾಯಿಯಿಲ್ಲದ ನನಗೆ ಬಾಣಂತನ ಮಾಡಿದವಳೂ ಅವಳೇ. ದಿನಾ ಮಧ್ಯಾಹ್ನ ಬಂದು, ಕಾಲು ಚಾಚಿ ಕೂತು, ಕೂಸನ್ನು ಕಾಲ ಮೇಲೆ ಹಾಕಿಕೊಂಡು ಎರೆಯುತ್ತಿದ್ದಳು. ಎಣ್ಣೆಯಲ್ಲಿ ಅರಿಶಿನ ಕಲಸಿ ಕೊಡುವುದು ನನ್ನ ಕೆಲಸ.

ಒಂದು ದಿನ ಹಾಗೆ ಎರೆಯುತ್ತಿರುವಾಗಲೇ ಗೌಡರ ಮೇವಿನ ಬಣವೆಗೆ ಬೆಂಕಿ ಬಿತ್ತು. ಕಿರುಚಾಟ ಕೇಳಿ ಇಬ್ಬರೂ ಎದ್ದು ನೋಡಿದೆವು. ಅವತ್ತು ಮುಂಜಾನೆಯೇ ಆಯಿ ಗೌಡರ ಆಳಿನೊಡನೆ ಜಗಳಾಡಿ, "ನಿಮ್ಮ ಬಣವಿ ಸುಟ್ಟು ಹೋಗ್ಲಿ" ಎಂದಿದ್ದಳಂತೆ. ಇನ್ನೇನು ಬೇಕು? ಸಂಜೆಗೆ ಅವಳನ್ನು ಗುಡಿಯ ಕಟ್ಟೆಗೆ ಕರೆಸಿದರು. ಸಾಕ್ಷಿಗೆಂದು ನನ್ನನ್ನೂ ಕರೆಸಿದರು.

"ಬೆಂಕಿ ಬಿದ್ದಾಗ ಆಯಿ ನಮ್ಮನ್ಯಾಗ ಇದ್ದಳ್ರಿ. ಕೂಸಿಗಿ ಎರಿಯಾಕತ್ತಿದ್ದಳು," ಎಂದೆ.

ಗೌಡರು ಕೆಟ್ಟವರಲ್ಲ. ಹಿತ್ತಾಳೆ ತಟ್ಟೆಯಲ್ಲಿ ದೇವರ ಭಂಡಾರ ತರಿಸಿದರು. ಭಂಡಾರವೆಂದರೆ ಮತ್ತೇನಲ್ಲ, ಅರಿಶಿನದ ಪುಡಿ.

"ಭಂಡಾರ ಮುಟ್ಟಿ ಹೇಳವ್ವಾ. ಅಷ್ಟಾದ್ರ ಮುಗೀತು, ಅಕಿ ಮನಿಗಿ ಅಕಿ ಹೋಗ್ತಾಳ. ಇಲ್ಲಾಂದ್ರ ಊರು ಬಿಡಬೇಕಾಗ್ತದ. ಠಾಣೆದ ಅಮೀನನ ಕೈಗಿ ಕೊಡೋದಕ್ಕಿಂತ ಅದೇ ಚಲೋ."

"ನಾವು ಹಂಗ ಆಣಿ ಮಾಡಂಗಿಲ್ರಿ. ನಾ ಹೇಳಿದ್ದು ಖರೇ ಅದರಿ."

"ಖರೇ ಇದ್ರ ಮುಟ್ಟಾಕ ಏನು ತ್ರಾಸ?"

ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟಿದ್ದೆ. ಮಧ್ಯಾಹ್ನದ ಅರಿಶಿನ ಬೆರಳಿಗೆ ಇನ್ನೂ ಹಾಗೇ ಇತ್ತು. ಸೆರಗು ಸರಿದಾಗ ಅದೂ ಗೌಡರ ಕಣ್ಣಿಗೆ ಬಿತ್ತು. "ಕೈ ಆಗಲೇ ಹಳದಿ ಆಗ್ಯಾವಲ್ಲ ತಂಗಿ," ಎಂದರು. ಯಾರೋ ನಕ್ಕರು.

ಒಂದೇ ಅರಿಶಿನ. ನಮ್ಮ ಡಬ್ಬಿಯಲ್ಲಿದ್ದರೆ ಸಾರಿಗೆ, ಈ ತಟ್ಟೆಯಲ್ಲಿದ್ದರೆ ದೇವರಿಗೆ. ಮುಟ್ಟಿದರೆ ನನ್ನ ದೇವರ ಮುಂದೆ ನಾನು ತಪ್ಪಿದವಳು, ಗಂಡನ ಕೆಲಸವೂ ಹೋಗುತ್ತದೆ. ಮುಟ್ಟದಿದ್ದರೆ ನಾನು ಹೇಳಿದ ಸತ್ಯಕ್ಕೆ ಕಾಸಿನ ಕಿಮ್ಮತ್ತಿಲ್ಲ. ಜೊತೆಗೆ ಬಂದಿದ್ದ ಗಂಡನ ಕಡೆ ನೋಡಿದೆ. ಅವರು ನೆಲ ನೋಡುತ್ತಿದ್ದರು. ಯಾರಾದರೂ ನನ್ನ ಕೈ ಹಿಡಿದೆಳೆದು ಆ ತಟ್ಟೆಗೆ ಅದ್ದಿಬಿಡಲಿ ಎಂದು ಬೇಡಿಕೊಂಡೆ. ಅದನ್ನೂ ದೇವರಲ್ಲೇ ಬೇಡಿಕೊಂಡೆ.

ಆಯಿ ನನ್ನ ಮುಖವನ್ನೇ ನೋಡುತ್ತಿದ್ದವಳು ಎದ್ದು ನಿಂತಳು. "ಬಿಡ್ರಿ, ಬಾಣಂತಿ ಅದಾಳ. ಥಂಡ್ಯಾಗ ಎಷ್ಟೊತ್ತು ನಿಂದರಸ್ತೀರಿ?"

ಮರುದಿನ ಗಂಟು ಕಟ್ಟಿಕೊಂಡು ಶಹಾಪುರದ ತಂಗಿಯ ಮನೆಗೆ ಹೊರಟುಹೋದಳು. ನಾನು ಬಾಗಿಲ ತನಕವೂ ಹೋಗಲಿಲ್ಲ, ನಾಚಿಕೆ. ಅವತ್ತು ಕೂಸಿಗೆ ನಾನೇ ಎರೆದೆ. ಮೂಗಿಗೆ ನೀರು ಹೋಗಿ ಅದು ಅತ್ತಿದ್ದೇ ಅತ್ತಿದ್ದು.

ಮುಂದಿನ ಆದಿತ್ಯವಾರ ಪಾದ್ರಿ ಪ್ರಸಂಗದಲ್ಲಿ ನನ್ನ ಕಥೆ ಹೇಳಿದರು. ಹೆಸರು ಹೇಳದಿದ್ದರೂ ಎಲ್ಲರೂ ತಿರುಗಿ ನನ್ನನ್ನೇ ನೋಡಿದರು. ಪರೀಕ್ಷೆಯಲ್ಲಿ ಸ್ಥಿರವಾಗಿ ನಿಂತವಳಂತೆ ನಾನು. ಆಮೇಲೆ ಯಾದಗಿರಿಯಲ್ಲೂ ಅದನ್ನೇ ಹೇಳಿದರೆಂದು ಸುದ್ದಿ ಬಂತು. ಅವರ ಕಥೆಯಲ್ಲಿ ತಟ್ಟೆ ಇತ್ತು, ಗೌಡರಿದ್ದರು, ನಾನಿದ್ದೆ. ಆಯಿ ಮಾತ್ರ ಇರಲಿಲ್ಲ. ಎದ್ದು ನಿಂತು ಕೂಗಿಬಿಡಬೇಕೆಂದು ಎಷ್ಟು ಸಲ ಅನಿಸಿತೋ! ಕೂತೇ ಇದ್ದೆ. ಹೊಗಳಿಸಿಕೊಂಡವಳು ಎದ್ದು ಹೋಗುವಂತಿಲ್ಲ.

ಎರಡು ವರ್ಷದ ಮೇಲೆ ಶಹಾಪುರದ ಸಂತೆಯಲ್ಲಿ ಆಯಿ ಸಿಕ್ಕಳು. ಬೈಯುತ್ತಾಳೆಂದು ಕಾದೆ, ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವಳು ನನ್ನ ಮಗನ ತೊಡೆ ಹಿಚುಕಿ ನೋಡಿ, "ಚಲೋ ಆಗ್ಯಾನ," ಎಂದಳು. ಆಮೇಲೆ, ಕುಹಕವಿಲ್ಲದೆ, ನಿಜಕ್ಕೂ ತಿಳಿದುಕೊಳ್ಳಬೇಕೆನ್ನುವವಳ ಹಾಗೆ ಕೇಳಿದಳು.

"ನಿಮ್ಮ ದೇವ್ರು ಭೇಷ್ ಅಂದನೇನು, ಮಗಳ?"

"ಪಾದ್ರಿಯವರು ಅಂದ್ರು, ಆಯಿ."

"ನಾ ಪಾದ್ರಿಯವರದು ಕೇಳಲಿಲ್ಲ," ಎಂದಳು ಆಯಿ.