ನನ್ನ ಡೆಂಟಿಸ್ಟ್ ಡೆಂಟಿಸ್ಟೇ ಅಲ್ಲವಂತೆ

ನನ್ನ ಬಾಯಿಗೆ ಮೂರು ಸಲ ಇಕ್ಕಳ ಹಾಕಿ ಹಲ್ಲು ಕಿತ್ತ ಡಾಕ್ಟರು ಡಾಕ್ಟರೇ ಅಲ್ಲವಂತೆ. ಹೋದ ವಾರ ತಿಳಿಯಿತು.

ಹೇಳಿದವರು ಯಲಹಂಕದ ಒಬ್ಬ ಡೆಂಟಿಸ್ಟ್, ಚಿಕ್ಕ ವಯಸ್ಸಿನ ಹೆಣ್ಣುಮಗಳು. ಊದಿದ ಕೆನ್ನೆ ಹಿಡಿದುಕೊಂಡು ಅಲ್ಲಿಗೆ ಹೋಗಿದ್ದೆ. ಎಕ್ಸ್‌ರೇ ನೋಡಿ ಪರದೆಯನ್ನು ನನ್ನ ಕಡೆ ತಿರುಗಿಸಿದರು. "ಮೇಡಂ, ಹುಳುಕು ಹಲ್ಲು ಹಂಗೇ ಇದೆ. ಪಕ್ಕದ್ದು ಕಿತ್ತಿದ್ದಾರೆ. ಅದ್ರ ಬೇರೂ ಒಳಗೇ ಮುರ್ಕೊಂಡಿದೆ. ಯಾರ್ ಮಾಡಿದ್ದು ಇದು?"

ಹೆಸರು ಹೇಳಿದೆ. ಆಕೆ ಫೋನಿನಲ್ಲಿ ಡೆಂಟಲ್ ಕೌನ್ಸಿಲ್ಲಿನ ಪಟ್ಟಿ ತೆಗೆದು ಹುಡುಕಿದರು. ಅಂಥವರು ಯಾರೂ ಇರಲಿಲ್ಲ. ಆಮೇಲೆ ವಿಚಾರಿಸಿದರೆ, ನಮ್ಮ ಶೆಟ್ಟಿಹಳ್ಳಿಯ 'ಡಾಕ್ಟರು' ಹಿಂದೆ ಯಾವುದೋ ಲ್ಯಾಬಿನಲ್ಲಿ ಕಟ್ಟಿಸುವ ಹಲ್ಲಿನ ಸೆಟ್ ಮಾಡುತ್ತಿದ್ದರಂತೆ. ಗೋಡೆಯ ಮೇಲಿದ್ದ ಸರ್ಟಿಫಿಕೇಟು ಇನ್ಯಾರದೋ. ಹೆಸರು ಮಾತ್ರ ಇವರದು.

ಆಟೋ ಹತ್ತಿದರೆ ನಂಬರಿನ ಫೋಟೋ ತೆಗೆದು ಮನೆಗೆ ಕಳಿಸುತ್ತೇವೆ (ಮನೆಯಲ್ಲಿ ಯಾರಾದರೂ ಇರುವವರು). ಇಕ್ಕಳ ಹಿಡಿದವರ ರಿಜಿಸ್ಟ್ರೇಷನ್ ನಂಬರ್ ಎಂದಾದರೂ ಕೇಳಿದ್ದೇವಾ?

ವಾರವಾರ ಈ ಅಂಕಣದಲ್ಲಿ ಊರಿಗೆಲ್ಲ ಬುದ್ಧಿ ಹೇಳುವ ನಾನು ಹೇಗೆ ಮೋಸ ಹೋದೆ? ನಿಜ ಹೇಳಿಬಿಡುತ್ತೇನೆ. ಮೊದಲು ದೊಡ್ಡ ಕ್ಲಿನಿಕ್ಕಿಗೇ ಹೋಗಿದ್ದೆ. ರಿಸೆಪ್ಷನ್ನಿನಲ್ಲಿ ಕೇಳಿದರು, "ಜೊತೇಲಿ ಯಾರ್ ಬಂದಿದ್ದಾರೆ ಮೇಡಂ? ಹಲ್ಲು ಕೀಳ್ಬೇಕು ಅಂದ್ರೆ ಒಬ್ರು ಇರ್ಬೇಕು."

ಐವತ್ತೆರಡು ವರ್ಷದ ಒಂಟಿ ಹೆಂಗಸು. ಯಾರನ್ನು ಕರೆಯಲಿ? ಫೋನಿನಲ್ಲಿದ್ದ ಹೆಸರುಗಳನ್ನೆಲ್ಲ ಮೇಲಿಂದ ಕೆಳಗೆ ಎರಡು ಸಲ ನೋಡಿದೆ. 'ಸ್ವಲ್ಪ ಬಂದು ನನ್ನ ಪಕ್ಕ ಕೂತಿರ್ತೀರಾ' ಅಂತ ಕೇಳಬಹುದಾದ ಒಂದು ಹೆಸರೂ ಸಿಗಲಿಲ್ಲ. ನಾಚಿಕೆಯಾಯಿತು. ಎದ್ದು ಬಂದೆ.

ಶೆಟ್ಟಿಹಳ್ಳಿಯಲ್ಲಿ ಜೊತೆಗೆ ಯಾರೂ ಇಲ್ಲ ಅಂತ ನಾನೇ ಮೊದಲು ಹೇಳಿದೆ. "ನೀವ್ ಬಂದಿದ್ದೀರಲ್ಲ ಮೇಡಂ, ಸಾಕು. ಕೂತ್ಕೊಳಿ" ಅಂದರು. ಅಷ್ಟಕ್ಕೇ ಕರಗಿಹೋದೆ.

ಈಗ ದೂರು ಕೊಡಬೇಕೋ, ಬೇಡವೋ? ನೋಂದಣಿಯಿಲ್ಲದೆ ಜನರ ಹಲ್ಲಿಗೆ ಕೈ ಹಾಕಿದರೆ ದಂಡವೂ ಇದೆ, ಜೈಲೂ ಇದೆ. ಸುಳ್ಳು ಸರ್ಟಿಫಿಕೇಟಿಗೆ ಬೇರೆಯೇ ಕೇಸು. ಆದರೆ ಯಾರಾದರೂ ಬಾಯಿ ಬಿಡಬೇಕಲ್ಲ? ಎರಡು ದಿನ ಒದ್ದಾಡಿದೆ.

ಮೂರನೆಯ ದಿನ ಕೆಳಮನೆಯ ಶಬಾನಾ ಮೆಟ್ಟಿಲ ಹತ್ತಿರ ಸಿಕ್ಕಳು. ಅವಳ ಅತ್ತೆ ರಕ್ತ ತೆಳು ಮಾಡುವ ಮಾತ್ರೆ ತೆಗೆದುಕೊಳ್ಳುವವರು. ಅದನ್ನು ಕೇಳದೆಯೇ ಇದೇ 'ಡಾಕ್ಟರು' ಹಲ್ಲು ಕಿತ್ತಿದ್ದಾರೆ. ರಕ್ತ ನಿಲ್ಲದೆ ಮುದುಕಿ ಆಸ್ಪತ್ರೆ ಸೇರಿದ್ದಾರೆ. ನೀನೂ ದೂರು ಬರೆದುಕೊಡು ಅಂದೆ. "ಸ್ಟೇಷನ್ನು ಗೀಷನ್ನು ಅಂದ್ರೆ ನಮ್ಮನೆಯವ್ರು ಬೇಡ ಅಂತಾರೆ ಅಕ್ಕಾ. ನೀವಾದ್ರೆ ಒಬ್ರೇ, ಕೇಳೋರು ಯಾರೂ ಇಲ್ಲ" ಅಂದಳು. ಪಾಪ, ಚುಚ್ಚಬೇಕೆಂದು ಅಂದದ್ದಲ್ಲ.

ಸ್ಟೇಷನ್ನಿಗೆ ಒಬ್ಬಳೇ ಹೋದೆ. ಹೇಳಿಕೆ ಕೊಟ್ಟು ಸಹಿ ಹಾಕಿದೆ. ಅಷ್ಟರಲ್ಲಿ ಪೊಲೀಸರು ಕರೆಸಿದ್ದರೇನೋ, ಹೊರಗೆ ಬಂದರೆ ಬೆಂಚಿನ ಮೇಲೆ ಆ 'ಡಾಕ್ಟರೇ' ಕೂತಿದ್ದಾರೆ, ಬಿಳಿ ಕೋಟಿಲ್ಲದೆ. ನನ್ನನ್ನು ನೋಡಿ ಎದ್ದು ನಿಂತರು. ಬೈಗುಳ ಕಾದಿದೆ ಅಂದುಕೊಂಡೆ. ಅವರು ನನ್ನ ಕೆನ್ನೆ ನೋಡುತ್ತಾ ಮೆಲ್ಲಗೆ ಕೇಳಿದರು, "ನೋವು ಕಮ್ಮಿ ಆಯ್ತಾ ಮೇಡಂ?"

ಸಹಿ ಹಾಕಿದ್ದಕ್ಕೆ ಪಶ್ಚಾತ್ತಾಪವಿಲ್ಲ, ಅವರಿಗೆ ಶಿಕ್ಷೆ ಆಗಲೇಬೇಕು. ಆದರೆ ಊದಿದ ಕೆನ್ನೆ ಹೊತ್ತು ಹತ್ತು ದಿನ ಈ ಊರೆಲ್ಲ ಓಡಾಡಿದ ನನ್ನನ್ನು ಹಾಗೆ ಕೇಳಿದ್ದು ಅವರೊಬ್ಬರೇ.