ನನ್ನ ಗಾಯಕಿಗೆ ಇಷ್ಟೊಂದು ಜನವೇ?

ಕಳೆದ ಭಾನುವಾರ ಸಂಜೆ ಪುತ್ತೂರಿನಲ್ಲಿ ಒಂದು ಇಡೀ ಸಭಾಂಗಣ ಸೇರಿ ನನ್ನ ಹೊಟ್ಟೆ ಉರಿಸಿತು.

"ಎಂತ ಮಾರಾಯ್ತಿ, ಈ ಹಾಡುಗಾರ್ತಿ ಯಾರಿಗೂ ಗೊತ್ತಿಲ್ಲ ಅಂತ ಹೇಳಿದ್ದಲ್ವಾ ನೀನು? ಕಾರಿಡ್ಲಿಕ್ಕೆ ಜಾಗ ಇಲ್ಲ!" ಗೇಟಿನಲ್ಲೇ ಯಜಮಾನರು ಗೊಣಗಿದರು.

ಗೊತ್ತಿಲ್ಲ ಅಂತಲೇ ನಾನೂ ನಂಬಿದ್ದೆ. ಗಿಟಾರ್ ಹಿಡಿದು, ಜಾನಪದ ಧಾಟಿಗೆ ತಾನೇ ಸಾಲು ಬರೆದು ಹಾಡುವ ಹುಡುಗಿ. ಸಿನಿಮಾ ಇಲ್ಲ, ಟಿವಿ ಇಲ್ಲ. (ಇದಕ್ಕೆ ಇಂಡೀ ಫೋಕ್ ಅನ್ನುತ್ತಾರಂತೆ. ಗೊತ್ತಾದದ್ದು ಅವತ್ತಿನ ಬ್ಯಾನರ್ ನೋಡಿ.) ಯೂಟ್ಯೂಬಿನಲ್ಲಿ ಅವಳಿಗೆ ಬೆರಳೆಣಿಕೆಯ ಕಮೆಂಟು ಬರುತ್ತಿದ್ದ ಕಾಲದಿಂದ ಕೇಳುತ್ತ ಬಂದವಳು ನಾನು.

ನಾನೊಬ್ಬಳೇ ಅಲ್ಲ. ನನ್ನ ಅಕ್ಕ ಕೂಡ. ಅವಳ ಕೀಮೋಗೆಂದು ಕುಂಬ್ರದಿಂದ ಸುಳ್ಯಕ್ಕೆ ಬಸ್ಸಿನಲ್ಲಿ ಓಡಾಡುತ್ತಿದ್ದಾಗ ಇಯರ್‌ಫೋನಿನ ಒಂದು ತುದಿ ಅವಳ ಕಿವಿಗೆ, ಇನ್ನೊಂದು ನನ್ನ ಕಿವಿಗೆ. ದಾರಿಯುದ್ದಕ್ಕೂ ಒಂದೇ ಹಾಡು. ಇಳಿಯುವ ಸ್ಟಾಪ್ ಬಂದರೂ ತೆಗೆಯಲು ಬಿಡುತ್ತಿರಲಿಲ್ಲ. "ಇದೊಂದು ಮುಗೀಲಿ" ಎನ್ನುತ್ತಿದ್ದಳು.

ಅಕ್ಕ ಈಗಿಲ್ಲ. ಗಾಯಕಿಗೆ ಇದನ್ನು ಹೇಳಬೇಕಿತ್ತು. ನಾನು ಹೋದದ್ದೇ ಅಷ್ಟಕ್ಕೆ.

ಅದೇ ಹಾಡು ಶುರುವಾಯಿತು. ಕಣ್ಣು ಮುಚ್ಚಿದೆ. ಕೇಳಿಸಿದ್ದು ಗಾಯಕಿಯ ಸ್ವರವಲ್ಲ, ಸಭಾಂಗಣದ್ದು! ಕಾಲೇಜು ಮಕ್ಕಳಿಗೆ ಬಾಯಿಪಾಠ. ಹಿಂದಿನ ಸಾಲಿನ ಅಜ್ಜನಿಗೂ ಬಾಯಿಪಾಠ. ಅವಳು ಮೈಕನ್ನು ಜನರ ಕಡೆ ತಿರುಗಿಸಿ ನಗುತ್ತ ನಿಂತಳು. ನಮ್ಮ ಗಾಯಕಿ ಗೆದ್ದಳು ಅಂತ ಖುಷಿಪಡಬೇಕಿತ್ತಲ್ಲವೇ? ಎಲ್ಲಿದ್ದರು ಇವರೆಲ್ಲ ಅಂತ ಸಿಟ್ಟೇ ಬಂತು.

ಕಾರ್ಯಕ್ರಮ ಮುಗಿದ ಮೇಲೆ ಅವಳನ್ನು ಕಾಣಲು ಕ್ಯೂ. ನನ್ನ ಮುಂದೆ ತಲೆಗೆ ಶಾಲು ಹೊದ್ದ ಹುಡುಗಿ, ಜೊತೆಗೊಬ್ಬರು ಹೆಂಗಸು. ಅವಳ ಸರದಿ ಬಂತು.

"ನಾನು ಸೌದಾ, ಕಡಬದಿಂದ. ಅಮ್ಮನಿಗೆ ಕ್ಯಾನ್ಸರ್ ಇತ್ತು. ಆಸ್ಪತ್ರೆಗೆ ಹೋಗುವಾಗ ನಾವಿಬ್ರು ನಿಮ್ಮ ಹಾಡೇ ಕೇಳುದು. ಈಗ ಹುಷಾರುಂಟು. ಇವರೇ ನೋಡಿ ಅಮ್ಮ!"

ಗಾಯಕಿ ಅತ್ತೇಬಿಟ್ಟಳು. ಆ ತಾಯಿಯನ್ನು ಬಿಗಿಯಾಗಿ ಅಪ್ಪಿಕೊಂಡಳು.

ಸಭಾಂಗಣ ಹಾಡಿದ್ದನ್ನು ಹೇಗೋ ಸಹಿಸಿದ್ದೆ. ಇದನ್ನು ಸಹಿಸಲಾಗಲಿಲ್ಲ. ಅದೇ ರೋಗ, ಅದೇ ಹಾಡು. ಆ ಹುಡುಗಿಯ ಪಕ್ಕದಲ್ಲಿ ಅಮ್ಮ ನಿಂತಿದ್ದರು. ನನ್ನ ಪಕ್ಕದಲ್ಲಿ?

"ಹೇಳಿ ಅಕ್ಕಾ" ಎಂದಳು ಗಾಯಕಿ, ಕಣ್ಣೊರೆಸುತ್ತ.

"ಚಾ ಆಯ್ತಾ?" ಎಂದೆ ನಾನು! ಬೇರೇನೂ ಬಾಯಿಗೆ ಬರಲಿಲ್ಲ.

"ಆಯ್ತಕ್ಕಾ" ಎಂದು ನಕ್ಕು ಅವಳು ನನ್ನ ಹಿಂದಿನವರತ್ತ ತಿರುಗಿದಳು.

ಕಾರಿನಲ್ಲಿ ಯಜಮಾನರು ಕೇಳಿದರು, "ಅಕ್ಕನ ವಿಷಯ ಹೇಳಿದ್ಯಾ?"

"ಇಲ್ಲ. ನನ್ನ ಮುಂದಿದ್ದ ಹುಡುಗಿ ಮೊದಲೇ ಹೇಳಿದ್ಳು, ಅವಳಮ್ಮನಿಗೂ ಇದೇ ರೋಗ, ಇದೇ ಹಾಡು."

"ಅವಳು ಹೇಳಿದ್ದು ಅವಳ ಅಮ್ಮನ ವಿಷಯ ಅಲ್ವಾ ಮಾರಾಯ್ತಿ?"

ಕುಂಬ್ರ ಬರುವವರೆಗೂ ಕಿಟಕಿಯಾಚೆ ನೋಡುತ್ತ ಅತ್ತೆ. ಅಕ್ಕ ಹೋದಾಗ ಎಲ್ಲರನ್ನೂ ಸಮಾಧಾನ ಮಾಡಿದವಳು ನಾನು, ಆಗಲೂ ಇಷ್ಟು ಅತ್ತಿರಲಿಲ್ಲ. ಯಜಮಾನರು ಕಾರನ್ನು ನಿಧಾನಕ್ಕೆ ಓಡಿಸಿದರು.

ಸೌದಾಳ ಅಮ್ಮ ನೂರು ವರ್ಷ ಬಾಳಲಿ. ಮನಸ್ಸಿನಿಂದಲೇ ಹೇಳುತ್ತಿದ್ದೇನೆ. ಹೊಟ್ಟೆಕಿಚ್ಚು ಆರಿತೇ ಅಂತ ಮಾತ್ರ ಕೇಳಬೇಡಿ.

ಇಷ್ಟುದ್ದ ಬರೆದರೂ ಆ ಗಾಯಕಿಯ ಹೆಸರನ್ನು ನಿಮಗೆ ಹೇಳಿಲ್ಲ, ಗಮನಿಸಿದಿರಾ?